ಹಳೇ ಸ್ಟೇಷನ್ ವ್ಯಾಗನ್, ಆಷಾಢದ ಗಾಳಿ ಮತ್ತು ಡೀಸೆಲ್ ಲೆಕ್ಕ

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇರುತ್ತದೆ. ಇಬ್ಬರು ಕೂತು ಒಟ್ಟು 1,400 ಕಿಲೋ ತೂಗುವ ಹಳೆಯ ವ್ಯಾಗನ್ ಕಾರೊಂದು ಗಂಟೆಗೆ 80 ಕಿ.ಮೀ. ವೇಗದಲ್ಲಿ, ಸಮತಟ್ಟಾದ ರಸ್ತೆಯಲ್ಲಿ ನೂರು ಕಿ.ಮೀ. ಓಡಲು ಅದರ ಚಕ್ರಗಳಿಗೆ ಬೇಕಾಗುವುದು ಹೆಚ್ಚುಕಡಿಮೆ 37 ಮೆಗಾಜೂಲ್. ಎಂಜಿನ್‌ನಲ್ಲಿ ಏನೂ ಸೋರಿಹೋಗದಿದ್ದರೆ ಬಳ್ಳಾರಿಯಿಂದ ಕೊಪ್ಪಳಕ್ಕೆ ಒಂದೇ ಲೀಟರಿನಲ್ಲಿ ಮುಟ್ಟಬಹುದಿತ್ತು. ಹಾಗೆ ಮುಟ್ಟಿದವರು ಯಾರೂ ಇಲ್ಲ. ಐದಾರು ಲೀಟರ್ ಸುಡುತ್ತದೆ. ಉಳಿದದ್ದು ರೇಡಿಯೇಟರ್‌ನಿಂದಲೂ ಸೈಲೆನ್ಸರ್‌ನಿಂದಲೂ ಬಿಸಿಯಾಗಿ ಹೊರಗೆ ಹೋಗುತ್ತದೆ.

ಎಂಜಿನ್‌ನ ಆ ನಷ್ಟ ನಮ್ಮ ಕೈಯಲ್ಲಿಲ್ಲ. ಚಕ್ರಕ್ಕೆ ಬೇಕಾಗುವ 37 ಮೆಗಾಜೂಲ್ ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ತಿನ್ನುವವರು ಇಬ್ಬರೇ: ಗಾಳಿ ಮತ್ತು ಟೈರು. ಯಾರು ಎಷ್ಟು ತಿನ್ನುತ್ತಾರೆ ಎಂದು ಗೊತ್ತಾದರೆ ಎಲ್ಲಿ ಕೈ ಹಾಕಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ನಮ್ಮಲ್ಲಿ ಸ್ಟೇಷನ್ ವ್ಯಾಗನ್ ಎಂಬ ಜಾತಿಯೇ ಅಪರೂಪ. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಮುಂದೆ ಮಾರುತಿ ಬಲೆನೊ ಆಲ್ಟುರಾ, ಓಪೆಲ್ ಕೋರ್ಸಾ ಸ್ವಿಂಗ್, 2004ರಲ್ಲಿ ಟಾಟಾ ಇಂಡಿಗೊ ಮರೀನಾ ಬಂದವು. ಯಾವುದಕ್ಕೂ ಗಿರಾಕಿ ಹೆಚ್ಚು ಸಿಗಲಿಲ್ಲ. ಹಿಂದೆ ಉದ್ದನೆಯ ಚಾವಣಿ, ಗೋಡೆಯಂತೆ ನೇರ ನಿಂತ ಬಾಗಿಲು ನೋಡಿದ ಮಂದಿಗೆ ಇದು ಸಾಮಾನು ಹಾಕುವ ಗಾಡಿ ಅನಿಸಿತು. ಅದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಮತ್ತು ಜೀನ್ಸ್ ಹೊಲಿಗೆ ಘಟಕದಿಂದ ಬಂಡಲ್ ಸಾಗಿಸುವವರಿಗೆ, ಗಂಗಾವತಿಯ ಅಕ್ಕಿ ವ್ಯಾಪಾರಿಗೆ, ದೊಡ್ಡ ಕುಟುಂಬದವರಿಗೆ ಇವತ್ತಿಗೂ ಒಗ್ಗುತ್ತವೆ. ಇವರೆಲ್ಲ ಕೇಳುವ ಪ್ರಶ್ನೆ ಒಂದೇ: "ಆವರೇಜ್ ಎಷ್ಟ್ ಕೊಡತೈತ್ರಿ? ಇನ್ನೊಂಚೂರು ಹೆಚ್ಚ ಮಾಡಾಕ ಬರತೈತೇನು?"

ಬರುತ್ತದೆ. ಆದರೆ ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಹಿಮ ಬೀಳುವ ದೇಶಗಳವು. ಅವನ್ನು ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಹಾಗೆಯೇ ತಂದರೆ ಡೀಸೆಲ್ ಉಳಿಯುವ ಮೊದಲು ಎಂಜಿನ್ ಕುದಿಯುತ್ತದೆ.

ಗಾಳಿಯೂ ಟೈರೂ

ಗಾಳಿಯ ತಡೆ ನಾಲ್ಕು ಸಂಗತಿಗಳ ಗುಣಾಕಾರ. ಗಾಳಿ ಎಷ್ಟು ದಟ್ಟ, ಕಾರಿನ ಮುಂಭಾಗ ಎಷ್ಟು ಅಗಲ-ಎತ್ತರ, ಅದರ ಆಕಾರ ಎಷ್ಟು ಒರಟು, ವೇಗ ಎಷ್ಟು. ಇವುಗಳಲ್ಲಿ ವೇಗಕ್ಕೆ ಮಾತ್ರ ವಿಶೇಷ ಮರ್ಯಾದೆ: ಅದು ವರ್ಗವಾಗಿ ಲೆಕ್ಕಕ್ಕೆ ಬರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಆಕಾರದ ಒರಟುತನವನ್ನು ಎಂಜಿನಿಯರರು ಡ್ರ್ಯಾಗ್ ಗುಣಾಂಕ ಎಂಬ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. 1982ರ ಆಡಿ 100 ಕಾರು ಅದನ್ನು 0.30ಕ್ಕೆ ಇಳಿಸಿದಾಗ ಜಗತ್ತು ಬೆರಗಾಗಿತ್ತು. ನಮ್ಮ ಹಳೆಯ ವ್ಯಾಗನ್‌ಗೆ 0.36 ಎಂದೂ, ಮುಂಭಾಗದ ವಿಸ್ತೀರ್ಣ 2.1 ಚದರ ಮೀಟರ್ ಎಂದೂ ಅಂದಾಜು ಹಿಡಿಯೋಣ.

ಈ ಅಂದಾಜಿನಲ್ಲಿ, ಬಯಲುಸೀಮೆಯ ಬಿಸಿ ಗಾಳಿಗೆ ಲೆಕ್ಕ ಹಾಕಿದರೆ, 60 ಕಿ.ಮೀ. ವೇಗದಲ್ಲಿ ಗಾಳಿ 115 ನ್ಯೂಟನ್ ಬಲದಿಂದ ಕಾರನ್ನು ಹಿಂದಕ್ಕೆ ತಳ್ಳುತ್ತದೆ. 80ರಲ್ಲಿ 205, ನೂರರಲ್ಲಿ 320. ಟೈರಿನ ತಡೆ ಹಾಗಲ್ಲ. ಅದು ತೂಕಕ್ಕೆ ತಕ್ಕಂತೆ ಇರುತ್ತದೆ, ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. 1,400 ಕಿಲೋ ಕಾರಿಗೆ ಸುಮಾರು 165 ನ್ಯೂಟನ್. ಆದ್ದರಿಂದ ಸುಮಾರು 70 ಕಿ.ಮೀ. ವೇಗದವರೆಗೆ ಟೈರಿನದೇ ದರ್ಬಾರು, ಅದರಾಚೆ ಗಾಳಿಯದು.

ಈಗ ರಸ್ತೆ ನೋಡಿ. ಬಳ್ಳಾರಿಯಿಂದ ಸಿರುಗುಪ್ಪ ದಾಟಿ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಭತ್ತದ ಟ್ರ್ಯಾಕ್ಟರು, ಊರೂರಿಗೆ ಹಂಪು, ಅಡ್ಡ ಬರುವ ದನ. ಅಲ್ಲಿ 60ರಿಂದ 20ಕ್ಕೆ ಇಳಿಸಿ ಮತ್ತೆ 60ಕ್ಕೆ ಏರಿಸಿದರೆ ಖರ್ಚಾಗುವ ಶಕ್ತಿ 0.17 ಮೆಗಾಜೂಲ್. ಅದೇ 60ರ ವೇಗದಲ್ಲಿ ಒಂದು ಕಿ.ಮೀ. ದೂರಕ್ಕೆ ಗಾಳಿ ಕೇಳುವುದು 0.115. ಒಂದು ಹಂಪು ಒಂದೂವರೆ ಕಿ.ಮೀ. ಗಾಳಿಗೆ ಸಮ! ಇಂಥ ರಸ್ತೆಯಲ್ಲೇ ದಿನವೂ ಓಡಾಡುವವರು ಬಂಪರಿನ ಆಕಾರ ತಿದ್ದಲು ದುಡ್ಡು ಹಾಕುವುದು ವ್ಯರ್ಥ. ಮುಂದಿನ ಹಂಪನ್ನು ದೂರದಿಂದಲೇ ನೋಡಿ ಆಕ್ಸಿಲರೇಟರ್ ಬಿಡುವುದು ಕಲಿತರೆ ಹೆಚ್ಚು ಉಳಿಯುತ್ತದೆ.

ಹೊಸಪೇಟೆಯಿಂದ ಕುಷ್ಟಗಿ ಕಡೆಗೆ ಹೋಗುವ ಹೆದ್ದಾರಿ 50ರ ಕಥೆ ಬೇರೆ. ನಾಲ್ಕು ಪಥ, ತಡೆಯಿಲ್ಲದ ಓಟ. ಅಲ್ಲಿ ನೂರರ ವೇಗಕ್ಕೆ ಬೇಕಾಗುವ ಒಟ್ಟು ಬಲ 485 ನ್ಯೂಟನ್, 80ಕ್ಕೆ 370. ವೇಗ ಇಳಿಸಿದ್ದು ಐದರಲ್ಲಿ ಒಂದು ಪಾಲು, ಬಲದಲ್ಲಿ ಉಳಿದದ್ದು ನಾಲ್ಕರಲ್ಲಿ ಒಂದು ಪಾಲು. ಯಾವ ಗ್ಯಾರೇಜಿನಲ್ಲಿ ಯಾವ ಭಾಗ ಕೂರಿಸಿದರೂ ಇಷ್ಟು ಸಿಗುವುದಿಲ್ಲ, ಮತ್ತು ಇದಕ್ಕೆ ಒಂದು ರೂಪಾಯಿಯೂ ಬೇಡ. ಇದನ್ನು ಹೇಳಿದರೆ ಬಹಳ ಜನಕ್ಕೆ ಬೇಸರವಾಗುತ್ತದೆ, ಏನಾದರೂ ಕೂರಿಸುವ ಸಲಹೆಗೆ ಕಾದಿರುತ್ತಾರೆ.

ಆಷಾಢದ ಗಾಳಿ

ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಪ್ಪಳ–ಗದಗ ಕಡೆಯ ಗಾಳಿಯಂತ್ರಗಳು ಪುರುಸೊತ್ತಿಲ್ಲದೆ ತಿರುಗುತ್ತವೆ. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ ಮಾರ್ಗವಾಗಿ ಹೋಗುವ ಹೆದ್ದಾರಿ 67 ಹೆಚ್ಚುಕಡಿಮೆ ಆ ಗಾಳಿಗೆ ಎದುರಾಗಿಯೇ ಸಾಗುತ್ತದೆ.

ಸ್ಪೀಡೋಮೀಟರ್ 80 ತೋರಿಸುತ್ತಿದೆ, ಎದುರುಗಾಳಿ ಗಂಟೆಗೆ 25 ಕಿ.ಮೀ. ಇದೆ ಎನ್ನಿ. ಕಾರಿನ ಮೈಗೆ ತಾಗುವ ಗಾಳಿಯ ವೇಗ 105. ತಡೆ 205ರಿಂದ 354 ನ್ಯೂಟನ್‌ಗೆ ಏರುತ್ತದೆ. ಟೈರಿನದೂ ಸೇರಿಸಿದರೆ ಒಟ್ಟು ಬಲ ಶೇ. 40ರಷ್ಟು ಹೆಚ್ಚು. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಹಿಂಗಾಳಿ ತುಂಬಿಕೊಡುತ್ತದೆ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ವರ್ಗದ ಲೆಕ್ಕ ಇಲ್ಲಿ ನಮಗೆ ವಿರುದ್ಧ: ಹಿಂಗಾಳಿಯಲ್ಲಿ ತಡೆ 97ಕ್ಕೆ ಇಳಿಯುತ್ತದೆ, ಎರಡರ ಸರಾಸರಿ 225. ಗಾಳಿಯೇ ಇಲ್ಲದ ದಿನದ 205ಕ್ಕಿಂತ ಅದು ಹೆಚ್ಚೇ. ಅಡ್ಡಗಾಳಿ ಬಂದರೆ ವ್ಯಾಗನ್‌ಗೆ ಇನ್ನೊಂದು ತೊಂದರೆ. ಅದರ ಪಕ್ಕದ ಮೈ ಉದ್ದ. ಓರೆಯಾಗಿ ತಾಗುವ ಗಾಳಿಗೆ ಆಕಾರದ ಒರಟುತನವೂ ಹೆಚ್ಚುತ್ತದೆ.

ಹೀಗಾಗಿ ಆಷಾಢದಲ್ಲಿ ಪಡುವಣಕ್ಕೆ ಹೊರಟಾಗ 65ರಲ್ಲಿ ಹೋಗುವುದು ಜಾಣತನ. ಅದೇ ಗಾಳಿಯಲ್ಲಿ ಒಟ್ಟು ಬಲ 519ರಿಂದ 425ಕ್ಕೆ ಇಳಿಯುತ್ತದೆ. ಸಾಧ್ಯವಿದ್ದರೆ ಬೆಳಗಿನ ಜಾವ ಹೊರಡಿ. ಬಯಲಿನಲ್ಲಿ ನೆಲಮಟ್ಟದ ಗಾಳಿ ಸಾಮಾನ್ಯವಾಗಿ ಹೊತ್ತೇರಿದಂತೆ ಜೋರಾಗುತ್ತದೆ.

ಬೇಸಿಗೆಯಲ್ಲಿ ಮಾತ್ರ ಪ್ರಕೃತಿ ಒಂದಿಷ್ಟು ರಿಯಾಯಿತಿ ಕೊಡುತ್ತದೆ. ಬಿಸಿ ಗಾಳಿ ತೆಳು. 42 ಡಿಗ್ರಿಯಲ್ಲಿ ಗಾಳಿಯ ದಟ್ಟಣೆ 18 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಶೇ. 8 ಕಡಿಮೆ, ತಡೆಯೂ ಅಷ್ಟೇ ಕಡಿಮೆ. ಆ ಉಳಿತಾಯವನ್ನೆಲ್ಲ ಎ.ಸಿ. ನುಂಗಿ ಹಾಕುತ್ತದೆ. ಬಿರುಬಿಸಿಲಿನಲ್ಲಿ ಎ.ಸಿ. ಕಂಪ್ರೆಸರ್ ಎರಡು ಮೂರು ಕಿಲೋವ್ಯಾಟ್ ಎಳೆಯಬಹುದು. 80ರ ವೇಗದಲ್ಲಿ ಚಕ್ರಗಳಿಗೆ ಬೇಕಾದ ಒಟ್ಟು ಶಕ್ತಿಯೇ 8 ಕಿಲೋವ್ಯಾಟ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. "ಹೆದ್ದಾರಿಯಲ್ಲಿ ಕಿಟಕಿ ತೆರೆದರೆ ಗಾಳಿ ಹಿಡಿಯುತ್ತದೆ, ಅದಕ್ಕಿಂತ ಎ.ಸಿ. ಅಗ್ಗ" ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಕಿಟಕಿ ತೆರೆದು ತಡೆ ಶೇ. 10 ಹೆಚ್ಚಿದರೂ 80ರಲ್ಲಿ ಅದು ಅರ್ಧ ಕಿಲೋವ್ಯಾಟ್ ಮುಟ್ಟುವುದಿಲ್ಲ. ಲೆಕ್ಕದಲ್ಲಿ ಕಿಟಕಿಯೇ ಗೆಲ್ಲುತ್ತದೆ. ಹಾಗೆಂದು ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಝಳವನ್ನು ಮುಖಕ್ಕೆ ಹೊಡೆಸಿಕೊಂಡು, ಮಕ್ಕಳು ಮುದುಕರನ್ನು ಕೂರಿಸಿಕೊಂಡು ಡೀಸೆಲ್ ಉಳಿಸಬೇಡಿ. ಬೇವಿನ ನೆರಳಲ್ಲಿ ನಿಲ್ಲಿಸಿ, ಹೊರಡುವ ಮುನ್ನ ನಾಲ್ಕೂ ಬಾಗಿಲು ತೆಗೆದು ಒಳಗಿನ ಕಾವು ಹೊರಹಾಕಿದರೆ ಎ.ಸಿ.ಗೆ ಅರ್ಧ ಕೆಲಸ ತಪ್ಪುತ್ತದೆ.

ಸಾಮಾನು ಚಾವಣಿಯ ಮೇಲೇಕೆ?

ವ್ಯಾಗನ್‌ನ ಗಾಳಿ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದು, ಮತ್ತು ಅತಿ ಹೆಚ್ಚು ಜನ ಕಡೆಗಣಿಸುವುದೂ ಇದನ್ನೇ.

ಕಬ್ಬಿಣದ ಕ್ಯಾರಿಯರ್ ಮೇಲೆ ಒಂದು ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ, ನೂರು ಕಿಲೋ ತೂಕದ ಜೀನ್ಸ್ ಬಂಡಲ್ ಕಟ್ಟಿದ್ದೀರಿ ಎನ್ನಿ. ಗಾಳಿಗೆ ಎದುರಾಗುವ ಹೊಸ ಗೋಡೆ 0.4 ಚದರ ಮೀಟರ್. ಕಾರಿನ ಮೈಯಾದರೂ ನಯ, ಬಂಡಲಿಗೆ ಯಾವ ನಯವೂ ಇಲ್ಲ. ಅದರ ಗುಣಾಂಕ 0.9ರ ಆಸುಪಾಸು. ಲೆಕ್ಕ ಹಾಕಿದರೆ 80ರ ವೇಗದಲ್ಲಿ ಸುಮಾರು 95 ನ್ಯೂಟನ್ ಹೆಚ್ಚುವರಿ ತಡೆ. ಒಟ್ಟು ಬಲ ಶೇ. 25ರಷ್ಟು ಏರಿತು. ಇದು ಬರೀ ಕಾಗದದ ಲೆಕ್ಕವೂ ಅಲ್ಲ: ಚಾವಣಿಯ ಮೇಲೆ ದೊಡ್ಡ ಪೆಟ್ಟಿಗೆ ಇಟ್ಟರೆ ಹೆದ್ದಾರಿ ವೇಗದಲ್ಲಿ ಮೈಲೇಜ್ ಶೇ. 10ರಿಂದ 25ರವರೆಗೆ ಕುಸಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆಯೂ ಹೇಳುತ್ತದೆ.

ಅದೇ ನೂರು ಕಿಲೋ ಬಂಡಲನ್ನು ಹಿಂದಿನ ಸೀಟು ಮಡಚಿ ಒಳಗೆ ಹಾಕಿ. ಗಾಳಿಗೆ ಅದು ಗೊತ್ತೇ ಆಗುವುದಿಲ್ಲ. ಟೈರಿನ ತಡೆ ಮಾತ್ರ 12 ನ್ಯೂಟನ್ ಹೆಚ್ಚುತ್ತದೆ. ಮೇಲೆ ಕಟ್ಟಿದರೂ ಆ 12 ಹೇಗಿದ್ದರೂ ಇದ್ದದ್ದೇ. ಸೆಡಾನ್ ಇದ್ದವರಿಗೆ ಕ್ಯಾರಿಯರ್ ಅನಿವಾರ್ಯ ಇರಬಹುದು. ವ್ಯಾಗನ್ ಕೊಂಡು ಅದರ ಮೇಲೆ ಕ್ಯಾರಿಯರ್ ಕೂರಿಸಿದವರು ಕೊಂಡ ಕಾರಣವನ್ನೇ ಮರೆತಂತೆ. ಆ ಉದ್ದನೆಯ ಡಿಕ್ಕಿಯೇ ಈ ಕಾರಿನ ಅತ್ಯುತ್ತಮ ಏರೋಡೈನಾಮಿಕ್ ಭಾಗ.

ಖಾಲಿ ಕ್ಯಾರಿಯರ್‌ಗೂ ಸುಂಕ ಇದೆ. ಗುಂಡು ಪೈಪಿನ ಆಕಾರ ನೋಡಲು ನಯ ಅನಿಸಿದರೂ ಅದರ ಹಿಂದೆ ಗಾಳಿ ಹರಿದು ಸುಳಿಯಾಗುತ್ತದೆ. ಐದಾರು ಅಡ್ಡ ಪೈಪು, ಸುತ್ತ ಕಟಕಟೆ ಇರುವ ಕ್ಯಾರಿಯರ್ ಖಾಲಿಯಿದ್ದಾಗಲೂ ಗಾಳಿ ತಡೆಯನ್ನು ಶೇ. 10ರ ಹತ್ತಿರ ಏರಿಸುವುದು ಅಸಾಧ್ಯವೇನಲ್ಲ. ನಾಲ್ಕು ಬೋಲ್ಟು ಬಿಚ್ಚಿದರೆ ಮುಗಿಯಿತು. ಬಂಪರಿನ ಮುಂದೆ ಕೂರಿಸುವ ಕಬ್ಬಿಣದ ಕಟಕಟೆ, ಅಂದರೆ ಬುಲ್ ಬಾರ್ ಕೂಡ ಇದೇ ಪಟ್ಟಿಗೆ ಸೇರುತ್ತದೆ: ತೂಕ, ಗಾಳಿ ಎರಡೂ ದಂಡ. 2017ರ ಕೊನೆಗೆ ಕೇಂದ್ರ ಸಾರಿಗೆ ಸಚಿವಾಲಯ ಇದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿದೆ. ಕಿಟಕಿಯ ಮೇಲಿನ ಅಗಲ ಮಳೆತಡೆ ಪಟ್ಟಿ, ಉದ್ದದ ಏರಿಯಲ್, ಧ್ವಜದ ಕೋಲು ಇವೆಲ್ಲ ಸಣ್ಣವು. ಬೇಡವಾದರೆ ತೆಗೆಯಿರಿ.

ಆಕಾರಕ್ಕೆ ಮುಂಚೆ ಚಕ್ರ

ಡ್ರ್ಯಾಗ್ ಗುಣಾಂಕವನ್ನು ಶೇ. 10 ಇಳಿಸುವುದು ಮನೆಮಟ್ಟದ ಕೆಲಸಗಾರನಿಗೆ ದೊಡ್ಡ ಸಾಧನೆ. ಅದರಿಂದ 80ರಲ್ಲಿ ಉಳಿಯುವುದು 20 ನ್ಯೂಟನ್. ಹಳೆಯ ಕಾರಿನಲ್ಲಿ ಒಂದೇ ಒಂದು ಬ್ರೇಕ್ ಸ್ವಲ್ಪ ಹಿಡಿದುಕೊಂಡಿದ್ದರೂ ಇದರ ಎರಡರಷ್ಟು ಹೋಗಿಬಿಡಬಹುದು. ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ನು ಒಣಗಿದ್ದರೆ, ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದಿದ್ದರೆ ಹೀಗಾಗುತ್ತದೆ. ಪತ್ತೆ ಮಾಡುವುದು ಸುಲಭ: ಹೆದ್ದಾರಿಯಲ್ಲಿ ಹತ್ತಿಪ್ಪತ್ತು ಕಿ.ಮೀ. ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ, ನಾಲ್ಕೂ ಚಕ್ರದ ಬಳಿ ಕೈ ಒಯ್ಯಿರಿ. ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಒಂದು ಮಾತ್ರ ಕಾದಿದ್ದರೆ ಅದನ್ನು ಜಾಕ್ ಹಾಕಿ ಎತ್ತಿ ಕೈಯಿಂದ ತಿರುಗಿಸಿ ನೋಡಬೇಕು.

ಟೈರಿನ ಗಾಳಿಯನ್ನು ಮುಂಜಾನೆ ತಂಪಿನಲ್ಲೇ ನೋಡಿ. ಮಧ್ಯಾಹ್ನ ಡಾಂಬರಿನ ಕಾವಿಗೆ ಒತ್ತಡ ನಾಲ್ಕೈದು ಪಿ.ಎಸ್.ಐ. ಏರಿರುತ್ತದೆ. ಪಂಕ್ಚರ್ ಅಂಗಡಿಯವರು "ಜಾಸ್ತಿ ಐತ್ರಿ ಸರ, ಬೇಸಿಗಿ ಐತಿ, ಬರ್ಸ್ಟ್ ಆದೀತು" ಎಂದು ಇಳಿಸಿಬಿಡುತ್ತಾರೆ. ಮರುದಿನ ತಣ್ಣಗಾದಾಗ ಟೈರು ಕಡಿಮೆ ಒತ್ತಡದಲ್ಲಿರುತ್ತದೆ, ಮೈ ಹೆಚ್ಚು ಬಾಗಿ ಇನ್ನೂ ಕಾಯುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿಯಲು ಅತಿ ಸಾಮಾನ್ಯ ಕಾರಣ ಕಡಿಮೆ ಗಾಳಿಯೇ. ಚಾಲಕನ ಬಾಗಿಲ ಕಂಬದ ಬಳಿ ಅಂಟಿಸಿರುವ ಅಂಕಿ ತಂಪು ಟೈರಿನದು. ಪೂರ್ತಿ ಲೋಡಿಗೆ ಬೇರೆ ಅಂಕಿ ಇರುತ್ತದೆ, ವ್ಯಾಗನ್‌ನವರು ಅದನ್ನೂ ಓದಬೇಕು.

ಇನ್ನೊಂದು ನಮ್ಮ ಕಡೆಯ ವಿಶೇಷ. ಎಂಜಿನ್ ಹೀಟ್ ಆಗುತ್ತದೆಂದು ಥರ್ಮೋಸ್ಟಾಟನ್ನೇ ತೆಗೆದು ಬಿಸಾಡಿರುತ್ತಾರೆ. ಅದು ಎಂಜಿನ್ ನೀರು ತಕ್ಕಷ್ಟು ಬಿಸಿಯಾಗುವವರೆಗೆ ರೇಡಿಯೇಟರ್ ದಾರಿ ಮುಚ್ಚಿಡುವ ವಾಲ್ವು. ಇಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಎಣ್ಣೆ ಗಟ್ಟಿಯಾಗೇ ಇರುತ್ತದೆ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಹೀಟ್ ಆಗುವುದಕ್ಕೆ ನಿಜವಾದ ಕಾರಣ ಹೆಚ್ಚಾಗಿ ರೇಡಿಯೇಟರ್ ರೆಕ್ಕೆಗಳಲ್ಲಿ ಕೂತ ಧೂಳು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಧೂಳು, ಸಿಂಧನೂರು ಕಡೆ ಭತ್ತದ ಹೊಟ್ಟು. ಹಿಂಬದಿಯಿಂದ ಕಡಿಮೆ ಒತ್ತಡದ ನೀರು ಬಿಟ್ಟು ತೊಳೆದು, ಹೊಸ ಥರ್ಮೋಸ್ಟಾಟ್ ಹಾಕಿಸಿ.

ಇನ್ನು ಆಕಾರ

ಕಾರಿನ ಗಾಳಿ ತಡೆಯ ದೊಡ್ಡ ಪಾಲು ಹುಟ್ಟುವುದು ಹಿಂದೆ. ಮುಂದೆ ಗಾಳಿ ಒತ್ತಿಕೊಂಡರೂ ಬಾನೆಟ್ ಮೇಲೆ, ಪಕ್ಕದಲ್ಲಿ ಜಾರಿ ಹೋಗುತ್ತದೆ. ಚಾವಣಿಯ ಕೊನೆಗೆ ಬಂದಾಗ ಮೈ ತಟ್ಟನೆ ಮುಗಿದುಹೋಗುತ್ತದೆ. ಗಾಳಿ ಅಷ್ಟು ಬೇಗ ಒಳಕ್ಕೆ ತಿರುಗಲಾರದು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟಾಗ ಸೇತುವೆಯ ಕಂಬದ ಹಿಂದೆ ನೋಡಿ, ನೀರು ಮುಂದಕ್ಕೆ ಹೋಗದೆ ಅಲ್ಲೇ ಸುತ್ತುತ್ತಿರುತ್ತದೆ. ಡಿಕ್ಕಿ ಬಾಗಿಲ ಹಿಂದೆ ನಡೆಯುವುದೂ ಅದೇ. ಆ ಸುಳಿಯಲ್ಲಿ ಒತ್ತಡ ಕಡಿಮೆ, ಕಾರನ್ನು ಹಿಂದಕ್ಕೆ ಹೀರುತ್ತಿರುತ್ತದೆ. ಮಳೆಗಾಲದಲ್ಲಿ ವ್ಯಾಗನ್‌ಗಳ ಹಿಂದಿನ ಗಾಜು ಸದಾ ಕೆಸರಾಗುವುದು ಈ ಸುಳಿಯಿಂದಲೇ.

ಹಾಗಾದರೆ ಇಳಿಜಾರಾದ ಹಿಂಭಾಗವಿರುವ ಕಾರು ಯಾವಾಗಲೂ ಮೇಲೇ? ಇಲ್ಲಿ ಒಂದು ಸೋಜಿಗ ಇದೆ. 1984ರಲ್ಲಿ ಎಸ್. ಆರ್. ಅಹ್ಮದ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ಕಾರಿನಾಕಾರದ ಸರಳ ಮಾದರಿಯೊಂದನ್ನು ಗಾಳಿ ಸುರಂಗದಲ್ಲಿಟ್ಟು, ಅದರ ಹಿಂಭಾಗದ ಇಳಿಜಾರನ್ನು ಬದಲಿಸುತ್ತಾ ಅಳೆದರು. ಇಳಿಜಾರು 12 ಡಿಗ್ರಿಯ ಆಸುಪಾಸಿನಲ್ಲಿ ಇದ್ದಾಗ ತಡೆ ಅತಿ ಕಡಿಮೆ. 30 ಡಿಗ್ರಿಯಲ್ಲಿ ಅತಿ ಹೆಚ್ಚು, ಏಕೆಂದರೆ ಎರಡೂ ಅಂಚಿನಲ್ಲಿ ಬಲವಾದ ಸುಳಿಗಳು ಹುಟ್ಟಿ ಕಾರನ್ನು ಹಿಂದಕ್ಕೆ ಎಳೆಯುತ್ತವೆ. ನೇರ ಕತ್ತರಿಸಿದ ಹಿಂಭಾಗ ಆ 30ರದ್ದಕ್ಕಿಂತ ಎಷ್ಟೋ ವಾಸಿ. ವ್ಯಾಗನ್‌ನ ಗೋಡೆಬೆನ್ನನ್ನು ನೋಡಿ ಮೂಗು ಮುರಿಯುವವರಿಗೆ ಇದನ್ನು ಹೇಳಬಹುದು. ಅದಕ್ಕೂ ಮುಂಚೆ, 1930ರ ದಶಕದಲ್ಲೇ, ಸ್ಟುಟ್‌ಗಾರ್ಟ್‌ನ ವುನಿಬಾಲ್ಡ್ ಕಾಮ್ ಇನ್ನೊಂದು ದಾರಿ ತೋರಿಸಿದ್ದರು: ಚಾವಣಿಯನ್ನು ಮೆಲ್ಲಗೆ ಇಳಿಸುತ್ತಾ ಬಂದು ಥಟ್ಟನೆ ಕತ್ತರಿಸಿದರೆ, ಉದ್ದ ಬಾಲ ಇಲ್ಲದೆಯೇ ಅದರ ಬಹುಪಾಲು ಲಾಭ ಸಿಗುತ್ತದೆ.

ಹಳೆಯ ವ್ಯಾಗನ್‌ಗೆ ಇದರಿಂದ ಬರುವ ಪಾಠ ಇಷ್ಟು. ಚಾವಣಿಯ ತುದಿಯಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ, ಸುಮಾರು 10 ಡಿಗ್ರಿ ಕೆಳಮುಖವಾಗಿ ಚಾಚಿದ ಸಣ್ಣ ಸ್ಪಾಯ್ಲರ್ ಕೆಲಸ ಮಾಡುತ್ತದೆ. ಅದರ ಕೊನೆಯ ಅಂಚು ಚೂಪಾಗಿರಬೇಕು. ಗುಂಡಗಿದ್ದರೆ ಗಾಳಿ ಅಂಚನ್ನು ಸುತ್ತಿಕೊಂಡು ಎಲ್ಲೆಂದರಲ್ಲಿ ಬಿಟ್ಟುಹೋಗುತ್ತದೆ. ಬಿಡಿಭಾಗದ ಅಂಗಡಿಗಳಲ್ಲಿ ನೇತುಹಾಕಿರುವ, ಮೇಲಕ್ಕೆ ಬಾಲವೆತ್ತಿದ ಸ್ಪಾಯ್ಲರ್‌ಗಳು ಓಟದ ಕಾರಿನ ನಕಲು. ಅವು ತಡೆಯನ್ನು ಹೆಚ್ಚಿಸುತ್ತವೆ. ಚಾವಣಿಯ ಹಿಂದೆ ಸಾಲಾಗಿ ಅಂಟಿಸುವ ಶಾರ್ಕ್ ರೆಕ್ಕೆಯಂಥ ಸಣ್ಣ ತುಣುಕುಗಳೂ ಬೇಡ. ಇಳಿಜಾರಿನ ಗಾಜಿರುವ ಸೆಡಾನ್‌ನಲ್ಲಿ ಗಾಳಿ ಬೇಗ ಬಿಟ್ಟುಹೋಗದಂತೆ ಅವು ತಡೆಯಬಲ್ಲವು. ವ್ಯಾಗನ್‌ನಲ್ಲಿ ಗಾಳಿ ಬಿಟ್ಟುಹೋಗುವ ಜಾಗ ಚಾವಣಿಯ ಅಂಚು ಎಂದು ಮೊದಲೇ ನಿಗದಿಯಾಗಿದೆ. ಅಲ್ಲಿ ಅವುಗಳಿಗೆ ಕೆಲಸವೇ ಇಲ್ಲ.

ಮುಂದಿನ ಬಂಪರಿನ ಕೆಳಗೆ ಐದಾರು ಸೆಂಟಿಮೀಟರ್ ರಬ್ಬರ್ ಪಟ್ಟಿ ಇಳಿಬಿಡುವುದು ನನಗೆ ಇಷ್ಟವಾದ ಉಪಾಯ, ಏಕೆಂದರೆ ಇದು ಬಿಸಿಲುಸೀಮೆಗೆ ಹೊಂದುತ್ತದೆ. ಕಾರಿನ ಹೊಟ್ಟೆಯ ಕೆಳಗೆ ಸೈಲೆನ್ಸರ್ ಪೈಪು, ಆಕ್ಸಲ್, ಡೀಸೆಲ್ ಟ್ಯಾಂಕು ಎಲ್ಲ ಎದ್ದುಕೊಂಡಿರುತ್ತವೆ. ಗಾಳಿ ಅಲ್ಲಿ ನುಗ್ಗಿದಷ್ಟೂ ತಡೆ. ಪಟ್ಟಿ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಜೊತೆಗೆ ಹೊಟ್ಟೆಯ ಕೆಳಗೆ ಒತ್ತಡ ಇಳಿಯುವುದರಿಂದ ರೇಡಿಯೇಟರ್ ಮೂಲಕ ಗಾಳಿ ಇನ್ನೂ ಚೆನ್ನಾಗಿ ಹರಿಯುತ್ತದೆ. ಗಡುಸು ಪ್ಲಾಸ್ಟಿಕ್ ಬೇಡ, ಮೊದಲ ಹಂಪಿಗೇ ಮುರಿಯುತ್ತದೆ. ಬಾಗಿ ಮತ್ತೆ ನೆಟ್ಟಗಾಗುವ ರಬ್ಬರ್ ಬೇಕು.

ಇದಕ್ಕೆ ವಿರುದ್ಧವಾದುದು ಗ್ರಿಲ್ ಮುಚ್ಚುವ ಸಲಹೆ. ಚಳಿ ದೇಶದಲ್ಲಿ ರೇಡಿಯೇಟರ್‌ಗೆ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಬರುತ್ತದೆ, ಅರ್ಧ ಮುಚ್ಚಿದರೆ ಎಂಜಿನ್ ಬೇಗ ಬಿಸಿಯಾಗಿ ಲಾಭವೂ ಇದೆ. ನಮ್ಮಲ್ಲಿ ಎ.ಸಿ. ಹಾಕಿಕೊಂಡು, ನಾಲ್ಕು ಜನ ಕೂತು, 42 ಡಿಗ್ರಿಯಲ್ಲಿ ಸಂಡೂರಿನ ಏರು ಹತ್ತುವ ಇಪ್ಪತ್ತು ವರ್ಷದ ಎಂಜಿನ್‌ಗೆ ಒಂದು ಬೆರಳಗಲ ಗಾಳಿಯೂ ಬೇಕು. ಎಂಜಿನ್ ಕುದಿದು ಅದರ ತಲೆಭಾಗದ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋದರೆ ಹತ್ತು ವರ್ಷದ ಉಳಿತಾಯ ಒಂದು ಬಿಲ್ಲಿನಲ್ಲಿ ಹೋಗುತ್ತದೆ.

ಹಿಂದಿನ ಚಕ್ರ ಮುಚ್ಚುವ ಹೊದಿಕೆಯೂ ನೋಡಲು ಚೆಂದ. 1999ರ ಹೋಂಡಾ ಇನ್‌ಸೈಟ್‌ನ 0.25 ಗುಣಾಂಕದಲ್ಲಿ ಅದಕ್ಕೂ ಪಾಲಿತ್ತು. ಎರೆಭೂಮಿಯ ಹೊಲದ ದಾರಿಗೆ ಮಳೆಗಾಲದಲ್ಲಿ ಒಮ್ಮೆ ಇಳಿಸಿ ನೋಡಿ, ಹೊದಿಕೆಯ ಒಳಗೆ ಕರಿಮಣ್ಣು ಮೆತ್ತಿಕೊಂಡು ಚಕ್ರವೇ ನಿಲ್ಲುತ್ತದೆ. ಚಪ್ಪಟೆ ವೀಲ್ ಕ್ಯಾಪ್ ಸಾಕು, ಬ್ರೇಕಿಗೆ ಗಾಳಿಯಾಡುವ ಸಂದಿ ಇರಲಿ. ಕಾರನ್ನು ತಗ್ಗಿಸುವುದಂತೂ ನಮ್ಮ ಹಂಪುಗಳಿಗೆ ಆಗದ ಮಾತು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಕಂಪನಿಯಿಂದಲೇ ಬಂದಿದ್ದು ಎಲ್ಲೋ ಕಳಚಿ ಬಿದ್ದಿದ್ದರೆ ಮತ್ತೆ ಹಾಕಿಸಿ. ಹೊಟ್ಟೆಗೆಲ್ಲ ತಗಡು ಹೊಡೆಸಬೇಡಿ, ಸೈಲೆನ್ಸರ್ ಕಾವು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿರುವ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧ ಹೋಗಬಾರದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹದಿನೈದು ವರ್ಷ ದಾಟಿದ ಕಾರು ನೋಂದಣಿ ನವೀಕರಣಕ್ಕೆ ಆರ್.ಟಿ.ಒ. ಕಚೇರಿಯ ಮುಂದೆ ನಿಲ್ಲಲೇಬೇಕು. ಬಿಚ್ಚಬಹುದಾದ, ನಂಬರ್ ಪ್ಲೇಟನ್ನಾಗಲಿ ದೀಪವನ್ನಾಗಲಿ ಮರೆಮಾಡದ, ಮೈಯಿಂದ ಹೊರಚಾಚಿ ಯಾರಿಗೂ ತಾಗದ ಸಣ್ಣ ಕೆಲಸಗಳಿಗೆ ಸೀಮಿತವಾಗಿರುವುದು ಕ್ಷೇಮ. ಕನ್ನಡಿ ಕೀಳುವ ಯೋಚನೆಯೇ ಬೇಡ.

ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಡೆ ಕಡಿಮೆಯಾಗುವುದು ನಿಜ. ಅದಿರಿನ ಲಾರಿಯ ಹಿಂದೆ ಹೋದರೆ ಗಾಜು ಒಡೆಯುವುದೂ ನಿಜ. 80ರ ವೇಗದಲ್ಲಿ ಮೂರು ಸೆಕೆಂಡ್ ಅಂತರ ಎಂದರೆ 67 ಮೀಟರ್. ಅದಕ್ಕಿಂತ ಹತ್ತಿರ ಹೋಗಬೇಡಿ. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವ ಹಳೆ ಚಾಳಿಯೂ ಹಾಗೆಯೇ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪಂಪು ತಾನೇ ಇಂಧನ ಕಡಿತ ಮಾಡುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯಲು ಡೀಸೆಲ್ ಬೇಕು, ಎಂಜಿನ್ ಬ್ರೇಕೂ ಇರುವುದಿಲ್ಲ.

ಉಳಿಯಿತೋ ಇಲ್ಲವೋ

ತಡೆ ಶೇ. 10 ಇಳಿದರೆ ಡೀಸೆಲ್ ಶೇ. 10 ಉಳಿಯುವುದಿಲ್ಲ. ಗಾಳಿ ಒಟ್ಟು ಬಲದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಹಾಗಾಗಿ 80ರಲ್ಲಿ ಬಲದ ಉಳಿತಾಯ ಶೇ. 5.5. ಎಂಜಿನ್ ಒಳಗಿನ ಘರ್ಷಣೆ ಮೊದಲಿನಷ್ಟೇ ಇರುವುದರಿಂದ ಡೀಸೆಲ್‌ನಲ್ಲಿ ಸಿಗುವುದು ಶೇ. 4ರ ಹತ್ತಿರ. ಲೀಟರಿಗೆ 18 ಕೊಡುವ ಕಾರು 18.7 ಕೊಡುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಒಂದು ಟ್ಯಾಂಕಿನಲ್ಲಿ ಕಂಡೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಗಾಳಿ ಎಲ್ಲಿ ಅಂಟಿಕೊಂಡಿದೆ, ಎಲ್ಲಿ ಬಿಟ್ಟುಹೋಗಿದೆ ಎಂಬುದನ್ನು ಕಣ್ಣಿಂದ ನೋಡಬಹುದು. ಬೆರಳುದ್ದದ ಉಲ್ಲನ್ ದಾರದ ತುಂಡುಗಳನ್ನು ಚಾವಣಿ, ಹಿಂದಿನ ಅಂಚು, ಪಕ್ಕದ ಕಂಬಗಳ ಮೇಲೆ ಟೇಪಿನಿಂದ ಅಂಟಿಸಿ. ಪಕ್ಕದ ಪಥದಲ್ಲಿ ಇನ್ನೊಂದು ಕಾರಿನಲ್ಲಿ ಕೂತವರು ಮೊಬೈಲಿನಲ್ಲಿ ಚಿತ್ರೀಕರಿಸಲಿ. ದಾರ ನೇರವಾಗಿ ಹಿಂದಕ್ಕೆ ಮಲಗಿದ್ದರೆ ಸರಿ, ಒದ್ದಾಡುತ್ತಿದ್ದರೆ ಅಲ್ಲಿ ಸುಳಿ ಇದೆ.

ಅಳತೆಗೆ ಉರುಳುವ ಪರೀಕ್ಷೆ ಇದೆ. ಸಂಚಾರವಿಲ್ಲದ, ಸಮತಟ್ಟಾದ, ಗಾಳಿ ನಿಂತ ರಸ್ತೆಯಲ್ಲಿ 80 ದಾಟಿಸಿ, ಎಂಜಿನ್ ಚಾಲೂ ಇಟ್ಟೇ ನ್ಯೂಟ್ರಲ್ ಮಾಡಿ, 80ರಿಂದ 70ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಬೇಕೆಂದು ಪಕ್ಕದಲ್ಲಿ ಕೂತವರು ಅಳೆಯಲಿ. ನಮ್ಮ ಲೆಕ್ಕದ ಕಾರಿಗೆ ಸುಮಾರು 12 ಸೆಕೆಂಡ್ ಬರಬೇಕು. ತಡೆ ಶೇ. 10 ಇಳಿದಿದ್ದರೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಉರುಳುತ್ತದೆ. ಸಾವಿರ ಮೀಟರಿಗೆ ಒಂದು ಮೀಟರ್ ಇಳಿಜಾರಿದ್ದರೂ ಅದು 14 ನ್ಯೂಟನ್ ತಳ್ಳುತ್ತದೆ, ನೀವು ಹುಡುಕುತ್ತಿರುವ 20 ನ್ಯೂಟನ್ ಅದರಲ್ಲೇ ಮುಚ್ಚಿಹೋಗುತ್ತದೆ. ಅದಕ್ಕೇ ಎರಡೂ ದಿಕ್ಕಿನಲ್ಲಿ, ಹಲವು ಸಲ ಮಾಡಿ ಸರಾಸರಿ ತೆಗೆಯಬೇಕು. ಭಾಗ ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ, ಮತ್ತೆ ಹಾಕಿ ಒಮ್ಮೆ ಅಳೆಯಿರಿ.

ಟ್ಯಾಂಕ್ ಲೆಕ್ಕ ಬೇಕಾದರೆ ಒಂದೇ ಬಂಕು, ಒಂದೇ ಪಂಪು, ನಾಝಲ್ ತಾನಾಗಿ ನಿಂತ ಕೂಡಲೇ ಸಾಕು ಮಾಡಿ, ಬಿಲ್ಲಿನ ಹಿಂದೆ ಓಡೋಮೀಟರ್ ಅಂಕಿ ಬರೆದಿಡಿ. ಕಾರ್ತಿಕದಲ್ಲಿ ಸ್ಪಾಯ್ಲರ್ ಹಾಕಿಸಿ, ಆಷಾಢದ ಬಿಲ್ಲಿಗೆ ಹೋಲಿಸಿದರೆ ಯಾವ ಸ್ಪಾಯ್ಲರ್ ಆದರೂ ಗೆಲ್ಲುತ್ತದೆ. ಆಷಾಢವನ್ನು ಮುಂದಿನ ಆಷಾಢಕ್ಕೇ ಹೋಲಿಸಿ.